ಸೂಪರ್‌ಮ್ಯಾನ್‌ನ ಎರಡು ಸಾವುಗಳ ನಡುವೆ

ಸೂಪರ್‌ಮ್ಯಾನ್ ಮೊದಲ ಸಲ ಸತ್ತದ್ದು 1961ರ ನವೆಂಬರ್ ತಿಂಗಳ ಸಂಚಿಕೆಯಲ್ಲಿ. ಅವನನ್ನು ಹುಟ್ಟಿಸಿದ ಇಬ್ಬರಲ್ಲಿ ಒಬ್ಬರಾದ ಜೆರ್ರಿ ಸೀಗಲ್ ಅವರೇ ಆ ಕಥೆಯನ್ನು ಬರೆದಿದ್ದರು. ಚಿತ್ರಗಳು ಕರ್ಟ್ ಸ್ವಾನ್ ಅವರದು. ಬದ್ಧವೈರಿ ಲೆಕ್ಸ್ ಲೂಥರ್ ತಾನು ಒಳ್ಳೆಯವನಾದೆನೆಂದು ಎಲ್ಲರನ್ನೂ ನಂಬಿಸಿ, ಸೂಪರ್‌ಮ್ಯಾನ್‌ನನ್ನು ಬಲೆಗೆ ಕೆಡವಿ, ಕ್ರಿಪ್ಟನೈಟ್ ವಿಕಿರಣದಿಂದ ಕೊಲ್ಲುತ್ತಾನೆ. ಗೆಳೆಯರು ಕಣ್ಣೀರಿಡುತ್ತಾರೆ, ಕೊಲೆಗಾರನಿಗೆ ಶಿಕ್ಷೆಯಾಗುತ್ತದೆ, ಸತ್ತವನು ಎದ್ದು ಬರುವುದಿಲ್ಲ. ಆದರೂ ಮುಂದಿನ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಎಂದಿನಂತೆ ಹಾರಾಡುತ್ತಿದ್ದ. ಆ ಕಥೆಗೆ ‘ಕಾಲ್ಪನಿಕ’ ಎಂಬ ಹಣೆಪಟ್ಟಿ ಅಂಟಿಸಿಯೇ ಮಾರಲಾಗಿತ್ತು. ಎರಡನೆಯ ಸಲ ಅವನು ಸತ್ತದ್ದು 1992ರ ನವೆಂಬರ್ 18ರಂದು ಅಂಗಡಿಗಳಿಗೆ ಬಂದ ‘ಸೂಪರ್‌ಮ್ಯಾನ್’ 75ನೇ ಸಂಚಿಕೆಯಲ್ಲಿ. ಈ ಸಲ ಹಣೆಪಟ್ಟಿ ಇರಲಿಲ್ಲ. ಅಮೆರಿಕದ ಕಾಮಿಕ್ಸ್ ಅಂಗಡಿಗಳ ಮುಂದೆ ಜನ ಸಾಲುಗಟ್ಟಿದರು, ಪತ್ರಿಕೆ ಟೀವಿಗಳು ಅದನ್ನು ಸುದ್ದಿ ಮಾಡಿದವು, 60 ಲಕ್ಷಕ್ಕೂ ಮೀರಿ ಪ್ರತಿಗಳು ಮಾರಾಟವಾದವು. ನಾಯಕ ಅವನೇ, ಪ್ರಕಾಶನ ಸಂಸ್ಥೆ ಅದೇ, ಘಟನೆಯೂ ಅದೇ. ಆದರೆ ಮೊದಲನೆಯದು ಒಂದು ಸಂಜೆಯ ಓದಿಗೆ ಮುಗಿದುಹೋಯಿತು. ಎರಡನೆಯದು ದೇಶವೇ ಆಡಿಕೊಂಡ ಮಾತಾಯಿತು. ನಡುವಿನ 31 ವರ್ಷಗಳಲ್ಲಿ ಬದಲಾದದ್ದೇನು?

ಬದಲಾದದ್ದು ಕಥೆಗೂ ಓದುಗನಿಗೂ ನಡುವೆ ಇದ್ದ ಕರಾರು. ಸೂಪರ್‌ಹೀರೋ ಕಾಮಿಕ್ಸ್‌ನ ಅಭಿಮಾನಿಗಳು ತಮ್ಮ ಮೆಚ್ಚಿನ ಕಥಾಸರಣಿಗಳೆಂದು ದಶಕಗಳಿಂದ ಹೆಸರಿಸುತ್ತ ಬಂದಿರುವವನ್ನು ಒಂದೆಡೆ ಇಟ್ಟು ನೋಡೋಣ: ಗ್ವೆನ್ ಸ್ಟೇಸಿ ಸತ್ತ ರಾತ್ರಿಯ ಕಥೆ, ಎಕ್ಸ್-ಮೆನ್‌ನ ಡಾರ್ಕ್ ಫೀನಿಕ್ಸ್, ಡೇರ್‌ಡೆವಿಲ್‌ನ ‘ಬಾರ್ನ್ ಅಗೇನ್’, ‘ದಿ ಡಾರ್ಕ್ ನೈಟ್ ರಿಟರ್ನ್ಸ್’, ‘ವಾಚ್‌ಮೆನ್’. ಇವುಗಳಲ್ಲಿ ನಾಯಕನ ಬಲವೇ ಮುಖ್ಯವಾದದ್ದು ಒಂದೂ ಇಲ್ಲ. ಹಾರುವವನು ಎಷ್ಟು ಎತ್ತರ ಹಾರಿದ, ಹೊಡೆಯುವವನು ಎಷ್ಟು ಜೋರಾಗಿ ಹೊಡೆದ ಎಂಬುದನ್ನು ಯಾರೂ ನೆನಪಿಟ್ಟುಕೊಂಡಿಲ್ಲ. ನೆನಪಿಟ್ಟುಕೊಂಡದ್ದು ಆ ಬಲ ಸೋತ ಗಳಿಗೆಯನ್ನು, ಸೋಲಿನ ಮರುದಿನವನ್ನು. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ನಮ್ಮ ಗಾದೆ ಹೇಳುವ ನಿಯಮ ಈ ಕಥೆಗಳಲ್ಲಿ ಅತಿಮಾನವರಿಗೂ ಅನ್ವಯಿಸುತ್ತದೆ. ಆದದ್ದು ಆಗಿಯೇ ಉಳಿಯುತ್ತದೆ. ತೆರಬೇಕಾದ ಬೆಲೆಯನ್ನು ತೆತ್ತೇ ತೀರಬೇಕಾಗುತ್ತದೆ. ಅಭಿಮಾನಿಗಳ ಪ್ರೀತಿಯ ಗುಟ್ಟು ಇದೇ ಎಂಬುದು ಈ ಬರಹದ ವಾದ. ಈ ರುಚಿ ತಾನಾಗಿ ಹುಟ್ಟಲಿಲ್ಲ. ಏನೂ ಬದಲಾಗಕೂಡದು ಎಂಬ ನಿಯಮದ ಮೇಲೆಯೇ ನಿಂತಿದ್ದ ಒಂದು ವ್ಯಾಪಾರಕ್ಕೆ ಅದರ ಓದುಗರೇ ಇದನ್ನು ಕಲಿಸಿದರು.

ಆ ನಿಯಮ ಬಂದದ್ದು ಮಾರಾಟದ ಕ್ರಮದಿಂದ. 1938ರ ಜೂನ್ ತಿಂಗಳ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡಾಗ ಕಾಮಿಕ್ಸ್ ಮಾರಾಟವಾಗುತ್ತಿದ್ದದ್ದು ಪತ್ರಿಕೆ, ಸಿಗರೇಟು, ಮಿಠಾಯಿಗಳ ಜೊತೆಗೆ, ಬೀದಿ ಬದಿಯ ಅಂಗಡಿಗಳಲ್ಲಿ. ಮಾರಾಟವಾಗದ ಪ್ರತಿಗಳು ಪ್ರಕಾಶಕರಿಗೆ ವಾಪಸ್ಸು ಹೋಗುತ್ತಿದ್ದವು. ಈ ತಿಂಗಳು ಪುಸ್ತಕ ಸಿಕ್ಕ ಅಂಗಡಿಯಲ್ಲಿ ಮುಂದಿನ ತಿಂಗಳೂ ಸಿಗುತ್ತದೆಂಬ ಖಾತರಿ ಹುಡುಗರಿಗೆ ಇರಲಿಲ್ಲ. ಅಂಥ ಕಡೆ ‘ಮುಂದುವರಿಯುವುದು’ ಎಂದು ಬರೆದು ಕಥೆ ನಿಲ್ಲಿಸುವುದೆಂದರೆ ಗಿರಾಕಿಗೆ ಮೋಸ ಮಾಡಿದಂತೆ. ಆದ್ದರಿಂದ ಪ್ರತಿ ಕಥೆಯೂ ಅದೇ ಸಂಚಿಕೆಯಲ್ಲಿ ಮುಗಿಯಬೇಕಿತ್ತು. ಮುಗಿದ ಮೇಲೆ ಎಲ್ಲವೂ ಮೊದಲಿನಂತೆಯೇ ಇರಬೇಕಿತ್ತು. ಕೆಲವೇ ವರ್ಷಗಳಲ್ಲಿ ಹುಡುಗರು ಬೆಳೆದು ಕಾಮಿಕ್ಸ್ ಬಿಟ್ಟು ಹೋಗುತ್ತಾರೆ, ಅವರ ಜಾಗಕ್ಕೆ ಹೊಸ ಹುಡುಗರು ಬರುತ್ತಾರೆ ಎಂಬುದು ಸಂಪಾದಕರ ಲೆಕ್ಕ. ಹಳೆಯದನ್ನು ನೆನಪಿಡುವ ಓದುಗನೇ ಇಲ್ಲವೆಂದ ಮೇಲೆ ಕಥೆಗೂ ನೆನಪು ಬೇಕಿರಲಿಲ್ಲ. 1954ರಲ್ಲಿ ಕಾಮಿಕ್ಸ್ ಕುರಿತು ಅಮೆರಿಕದ ಸೆನೆಟ್ ಉಪಸಮಿತಿಯ ವಿಚಾರಣೆ ನಡೆದು, ಅದರ ಬೆನ್ನಿಗೇ ಪ್ರಕಾಶಕರು ತಮಗೆ ತಾವೇ ‘ಕಾಮಿಕ್ಸ್ ಕೋಡ್’ ಎಂಬ ಕಟ್ಟುಪಾಡು ಹಾಕಿಕೊಂಡ ಮೇಲಂತೂ ಕಥೆಗಳು ಇನ್ನಷ್ಟು ಸುರಕ್ಷಿತವಾದವು. 1961ರ ‘ಕಾಲ್ಪನಿಕ’ ಸಾವಿನ ಅರ್ಥ ಆಗ ಸ್ಪಷ್ಟವಾಗುತ್ತದೆ. ಹಾರುವ ಮನುಷ್ಯನ ಕಥೆಯಲ್ಲಿ ಕಾಲ್ಪನಿಕವಲ್ಲದ್ದು ಯಾವುದು? ಆ ಹಣೆಪಟ್ಟಿ ನಿಜವಾಗಿ ಹೇಳುತ್ತಿದ್ದದ್ದು ‘ಇದಕ್ಕೆ ಪರಿಣಾಮವಿಲ್ಲ’ ಎಂದು. ಆದರೂ ಅಂಥ ಕಥೆಗಳನ್ನು ಮತ್ತೆ ಮತ್ತೆ ಬರೆಸಿದರೆಂದರೆ, ಕೊನೆ ಎಂಬುದೊಂದಿರುವ ಕಥೆಗೆ ಓದುಗರು ಹಸಿದಿದ್ದಾರೆಂಬುದು ಸಂಪಾದಕರಿಗೂ ಗೊತ್ತಿತ್ತು ಎಂದೇ ಅರ್ಥ.

ಈ ಇಕ್ಕಟ್ಟನ್ನು ಮೊದಲು ತಾತ್ವಿಕವಾಗಿ ಗುರುತಿಸಿದವರು ಇಟಲಿಯ ಉಂಬರ್ಟೊ ಎಕೊ. 1962ರಲ್ಲಿ ಸೂಪರ್‌ಮ್ಯಾನ್ ಪುರಾಣದ ಬಗ್ಗೆ ಬರೆದ ಪ್ರಬಂಧದಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಏನನ್ನಾದರೂ ಮಾಡಿದವನು ಅಷ್ಟರಮಟ್ಟಿಗೆ ಸವೆಯುತ್ತಾನೆ, ಸಾವಿನತ್ತ ಒಂದು ಹೆಜ್ಜೆ ಇಡುತ್ತಾನೆ, ಸೂಪರ್‌ಮ್ಯಾನ್ ಸವೆಯಕೂಡದು, ಆದ್ದರಿಂದ ಅವನ ಕಥೆಗಳಲ್ಲಿ ಕಾಲವೇ ಕನಸಿನಂತೆ ಮಸುಕಾಗಿರಬೇಕು. ಅಂದಿನ ಸೂಪರ್‌ಮ್ಯಾನ್‌ಗೆ ಈ ಮಾತು ಪೂರ್ತಿ ಸರಿ. ಆದರೆ ಚಿತ್ರಕಥೆಯ ನಾಯಕರೆಲ್ಲರಿಗೂ ಇದೇ ಹಣೆಬರಹ ಎನ್ನಲಾಗದು. ಇಂದ್ರಜಾಲ ಕಾಮಿಕ್ಸ್ ಮೂಲಕ ಕನ್ನಡದ ಎಷ್ಟೋ ಓದುಗರಿಗೆ ಬಾಲ್ಯದ ಗೆಳೆಯನಾದ ಫ್ಯಾಂಟಮ್‌ನನ್ನೇ ನೆನೆಯಬಹುದು. 1936ರಲ್ಲಿ ಲೀ ಫಾಕ್ ಸೃಷ್ಟಿಸಿದ ಈ ‘ಸಾವಿಲ್ಲದವನು’ ನಿಜಕ್ಕೂ ವಂಶದ 21ನೆಯವನು. ಅವನಿಗಿಂತ ಹಿಂದಿನ 20 ಮಂದಿ ಸತ್ತು ಗುಹೆಯಲ್ಲಿ ಮಣ್ಣಾದವರು. ಅವನ ಅಮರತ್ವದ ಕಥೆ ನಿಂತಿರುವುದೇ ಅವನ ಹಿರಿಯರ ಸಾವಿನ ಮೇಲೆ. ಮಸುಕಾದ ಕಾಲವೆಂಬುದು ಈ ಕಲೆಯ ಸ್ವಭಾವವಲ್ಲ, ವ್ಯಾಪಾರದ ಅನುಕೂಲ ಮಾತ್ರ ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಎಕೊ ಅವರ ಪ್ರಬಂಧ ಹೊರಬಂದ ವರ್ಷವೇ ಆ ಅನುಕೂಲವನ್ನು ಮುರಿಯುವ ಹುಡುಗನೊಬ್ಬ ಅಮೆರಿಕದಲ್ಲಿ ಹುಟ್ಟಿದ: ಆಗಸ್ಟ್ ತಿಂಗಳ ‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೆಯ ಸ್ಪೈಡರ್-ಮ್ಯಾನ್.

ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಅವರ ಈ ನಾಯಕನ ಬದುಕು ಆರಂಭವಾಗುವುದೇ ಸರಿಪಡಿಸಲಾಗದ ತಪ್ಪಿನಿಂದ: ತಾನು ತಡೆಯದೆ ಬಿಟ್ಟ ಕಳ್ಳನೇ ಚಿಕ್ಕಪ್ಪನನ್ನು ಕೊಲ್ಲುತ್ತಾನೆ. ಪೀಟರ್ ಪಾರ್ಕರ್ ಶಾಲೆ ಮುಗಿಸಿದ, ಕಾಲೇಜು ಸೇರಿದ. ಅವನಿಗೆ ಬಾಡಿಗೆಯ ಚಿಂತೆ, ಔಷಧದ ಬಿಲ್ಲಿನ ಚಿಂತೆ. ಕಥೆಗಳು ಒಂದು ಸಂಚಿಕೆಯಿಂದ ಇನ್ನೊಂದಕ್ಕೆ ಹರಿಯತೊಡಗಿದವು. ಅದೇ ಹೊತ್ತಿಗೆ ಓದುಗರೂ ಬದಲಾಗುತ್ತಿದ್ದರು. ಡಿಸಿ ಸಂಸ್ಥೆಯ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಓದುಗರ ಪತ್ರಗಳ ಕೆಳಗೆ ಅವರ ಪೂರ್ಣ ವಿಳಾಸವನ್ನೂ ಅಚ್ಚು ಹಾಕತೊಡಗಿದ್ದರು. ಬೇರೆ ಬೇರೆ ಊರುಗಳ ಒಂಟಿ ಓದುಗರು ಅದರಿಂದ ಒಬ್ಬರಿಗೊಬ್ಬರು ಪತ್ರ ಬರೆಯುವಂತಾಯಿತು. 1961ರಲ್ಲಿ ಜೆರ್ರಿ ಬೇಲ್ಸ್ ಮತ್ತು ರಾಯ್ ಥಾಮಸ್ ‘ಆಲ್ಟರ್ ಈಗೊ’ ಎಂಬ ಅಭಿಮಾನಿ ಪತ್ರಿಕೆ ಹೊರಡಿಸಿದರು. 1964ರಿಂದ ಅಭಿಮಾನಿಗಳ ಸಮಾವೇಶಗಳು ಶುರುವಾದವು. ಯಾವ ಸಂಚಿಕೆಯಲ್ಲಿ ಏನಾಯಿತು, ಹಿಂದೆ ಹೇಳಿದ್ದಕ್ಕೂ ಈಗ ಹೇಳುತ್ತಿರುವುದಕ್ಕೂ ಎಲ್ಲಿ ತಾಳೆಯಿಲ್ಲ ಎಂದು ಲೆಕ್ಕವಿಡುವ ಒಂದು ಬಳಗವೇ ಬೆಳೆಯಿತು. ಓದುಗರು ಬರುತ್ತಾರೆ, ಮರೆತು ಹೋಗುತ್ತಾರೆ ಎಂಬ ಹಳೆಯ ಲೆಕ್ಕವನ್ನು ಸುಳ್ಳಾಗಿಸಿದವರು ಇವರು. ಕಥೆಯ ನೆನಪನ್ನು ಪ್ರಕಾಶಕರಿಗಿಂತ ಮೊದಲು ಕಾಪಾಡಿದವರು ಓದುಗರೇ. ಮುಂದೆ ರಾಯ್ ಥಾಮಸ್ ಅವರೇ ಮಾರ್ವೆಲ್ ಸಂಸ್ಥೆಯ ಪ್ರಧಾನ ಸಂಪಾದಕರಾದರು. ಅಭಿಮಾನಿ ಕಾವಲುಗಾರ ಮನೆಯ ಒಳಗೇ ಬಂದು ಕೂತಂತಾಯಿತು.

ಆ ದಶಕದ ಓದುಗರು ಇಂದಿಗೂ ಎದೆಗವಚಿಕೊಂಡಿರುವ ಕಥೆ ‘ಅಮೇಜಿಂಗ್ ಸ್ಪೈಡರ್-ಮ್ಯಾನ್’ 31ರಿಂದ 33ರವರೆಗಿನ ಮೂರು ಸಂಚಿಕೆಗಳದು. 1965ರ ಡಿಸೆಂಬರ್‌ನಿಂದ 1966ರ ಫೆಬ್ರವರಿವರೆಗೆ ಬಂದದ್ದು. ಮೇ ಚಿಕ್ಕಮ್ಮ ಸಾವಿನ ಅಂಚಿನಲ್ಲಿದ್ದಾಳೆ. ಅದಕ್ಕೆ ಕಾರಣ ಹಿಂದೊಮ್ಮೆ ಪೀಟರ್ ಅವಳಿಗೆ ಕೊಟ್ಟ ರಕ್ತ: ಅದರಲ್ಲಿದ್ದ ವಿಕಿರಣ ಈಗ ಅವಳನ್ನು ಕೊಲ್ಲುತ್ತಿದೆ. ಪ್ರೀತಿಯಿಂದ ಮಾಡಿದ ಉಪಕಾರವೇ ವಿಷವಾಗಿದೆ. ಅವಳನ್ನು ಉಳಿಸಬಲ್ಲ ಔಷಧದ ಡಬ್ಬಿ ನೀರಿನಡಿಯ ಅಡಗುದಾಣದಲ್ಲಿ, ಅವನ ಕಣ್ಣೆದುರೇ, ಕೈಗೆಟುಕದಷ್ಟು ದೂರದಲ್ಲಿ ಬಿದ್ದಿದೆ. ಅವನ ಬೆನ್ನಿನ ಮೇಲೆ ಟನ್ನುಗಟ್ಟಲೆ ಯಂತ್ರ. ಮೇಲಿನಿಂದ ನೀರು ಸೋರುತ್ತಿದೆ. ಡಿಟ್ಕೊ ಆ ಭಾರವನ್ನು ಒಂದೇ ಚೌಕಟ್ಟಿನಲ್ಲಿ ಎತ್ತಿಸಿಬಿಡುವುದಿಲ್ಲ. ಪುಟಗಟ್ಟಲೆ ಅವನನ್ನು ಅಲ್ಲೇ ಕೂರಿಸುತ್ತಾರೆ. ಒಮ್ಮೆ ಪ್ರಯತ್ನಿಸಿ ಕುಸಿಯುತ್ತಾನೆ, ಸತ್ತ ಚಿಕ್ಕಪ್ಪ ನೆನಪಾಗುತ್ತಾನೆ, ಮತ್ತೆ ಪ್ರಯತ್ನಿಸುತ್ತಾನೆ. ಪುಟದಿಂದ ಪುಟಕ್ಕೆ ಚೌಕಟ್ಟುಗಳು ದೊಡ್ಡವಾಗುತ್ತ ಹೋಗಿ, ಕೊನೆಗೆ ಇಡೀ ಒಂದು ಪುಟದಲ್ಲಿ ಭಾರ ಮೇಲೇಳುತ್ತದೆ. ಹಾಗಾದರೆ ಓದುಗರು ಮೆಚ್ಚಿದ್ದು ಬಲವನ್ನೇ ಅಲ್ಲವೇ ಎಂದು ಕೇಳಬಹುದು. ಅಲ್ಲ. ಇದಕ್ಕಿಂತ ದೊಡ್ಡ ಭಾರ ಎತ್ತಿದ ನಾಯಕರು ಆ ಕಾಲದ ಪ್ರತಿ ಮುಖಪುಟದಲ್ಲೂ ಇದ್ದರು. ಅವರು ಎತ್ತಿದ್ದು ಮರೆತುಹೋಯಿತು, ಇದು ಉಳಿಯಿತು. ಆ ಯಂತ್ರದ ಭಾರದೊಳಗೆ ಹಳೆಯ ಎರಡು ಸಂಚಿಕೆಗಳ ಭಾರವೂ ಸೇರಿತ್ತು. ಒಬ್ಬನನ್ನು ಸಾಯಗೊಟ್ಟದ್ದು ಒಂದು, ಇನ್ನೊಬ್ಬಳಿಗೆ ರಕ್ತ ಕೊಟ್ಟದ್ದು ಇನ್ನೊಂದು. ಅವೆರಡನ್ನೂ ಓದಿ ನೆನಪಿಟ್ಟವನಿಗೆ ಮಾತ್ರ ಅದರ ತೂಕ ಪೂರ್ತಿ ತಿಳಿಯುತ್ತಿತ್ತು.

1971ರಲ್ಲಿ ಇನ್ನೊಂದು ಬೇಲಿ ಮುರಿಯಿತು. ಮಾದಕ ವಸ್ತುಗಳ ಅಪಾಯವನ್ನು ಕುರಿತು ಬರೆಯಬೇಕೆಂದು ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆಯೇ ಕೇಳಿಕೊಂಡಿದ್ದರಿಂದ, ಆ ವಿಷಯವನ್ನೇ ನಿಷೇಧಿಸಿದ್ದ ಕೋಡ್‌ನ ಮುದ್ರೆಯಿಲ್ಲದೆ ಸ್ಪೈಡರ್-ಮ್ಯಾನ್‌ನ ಮೂರು ಸಂಚಿಕೆಗಳು ಹೊರಬಂದವು. ಆಕಾಶವೇನೂ ಕಳಚಿ ಬೀಳಲಿಲ್ಲ. ಕೋಡ್ ಅನ್ನೇ ತಿದ್ದಲಾಯಿತು. ಎರಡು ವರ್ಷಗಳ ನಂತರ, 1973ರ ಜೂನ್ ತಿಂಗಳ 121ನೇ ಸಂಚಿಕೆಯಲ್ಲಿ ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸತ್ತಳು. ಬರೆದವರು ಆಗಿನ್ನೂ 20ರ ಹರೆಯದ ಜೆರ್ರಿ ಕಾನ್ವೇ, ಚಿತ್ರ ಗಿಲ್ ಕೇನ್ ಮತ್ತು ಜಾನ್ ರೊಮೀಟಾ ಅವರದು. ಗ್ರೀನ್ ಗಾಬ್ಲಿನ್ ಅವಳನ್ನು ಸೇತುವೆಯ ಮೇಲಿಂದ ತಳ್ಳುತ್ತಾನೆ. ಸ್ಪೈಡರ್-ಮ್ಯಾನ್ ಬಲೆ ಬೀಸುತ್ತಾನೆ. ಬಲೆ ಅವಳ ಕಾಲನ್ನು ಹಿಡಿಯುತ್ತದೆ. ಅದುವರೆಗಿನ ಎಲ್ಲ ಕಥೆಗಳಲ್ಲೂ ಹಿಡಿದರೆ ಉಳಿದಂತೆಯೇ. ಆದರೆ ಇಲ್ಲಿ ಅವಳ ಕುತ್ತಿಗೆಯ ಪಕ್ಕದಲ್ಲಿ ಎಲುಬು ಮುರಿದ ಸದ್ದನ್ನು ಸೂಚಿಸುವ ಒಂದು ಪುಟ್ಟ ಪದವಿದೆ. ಮೇಲೆಳೆದಾಗ ಅವಳಲ್ಲಿ ಉಸಿರಿಲ್ಲ. ತನ್ನ ಕೈಚಳಕದ ಬಗ್ಗೆ ಹೆಮ್ಮೆಯಿಂದ ಮಾತಾಡುತ್ತಲೇ ಅವಳನ್ನು ಮೇಲೆಳೆಯುತ್ತಿದ್ದ ನಾಯಕನಿಗೆ ಅದು ಇನ್ನೂ ತಿಳಿದಿಲ್ಲ. ಸದ್ದನ್ನು ಗಮನಿಸಿದ ಓದುಗನಿಗೆ ತಿಳಿದಿದೆ. ಓದುಗರ ಸಿಟ್ಟಿನ ಪತ್ರಗಳು ಹರಿದು ಬಂದವು. ಹಠಾತ್ತನೆ ನಿಂತ ಎಳೆತಕ್ಕೆ ಕುತ್ತಿಗೆ ಮುರಿಯಿತೆಂದು ಕೆಲವು ತಿಂಗಳ ನಂತರ ಪತ್ರಗಳ ಅಂಕಣದಲ್ಲಿ ಸಂಪಾದಕರೇ ವಿವರಿಸಬೇಕಾಯಿತು. ಅಂದರೆ ಅವಳ ಸಾವಿನಲ್ಲಿ ರಕ್ಷಿಸಲು ಹೋದವನ ಪಾಲೂ ಇತ್ತು. ಪ್ರಕಾಶಕರು ಅದನ್ನು ಅಳಿಸಲಿಲ್ಲ.

ಎಕ್ಸ್-ಮೆನ್‌ನ ಡಾರ್ಕ್ ಫೀನಿಕ್ಸ್ ಕಥೆಯ ಇತಿಹಾಸ ಈ ವಾದಕ್ಕೆ ಇನ್ನೂ ಗಟ್ಟಿಯಾದ ಪುರಾವೆ. ಕ್ರಿಸ್ ಕ್ಲೇರ್‌ಮಾಂಟ್ 1975ರಲ್ಲಿ ಎಕ್ಸ್-ಮೆನ್ ಬರವಣಿಗೆ ಕೈಗೆತ್ತಿಕೊಂಡರು. 1991ರವರೆಗೆ, ಸುಮಾರು 16 ವರ್ಷ, ಬಿಡದೆ ಬರೆದರು. ಒಬ್ಬನೇ ಲೇಖಕ ಅಷ್ಟು ಕಾಲ ಪಾತ್ರಗಳ ಜೊತೆ ಬಾಳಿದ್ದರಿಂದ ಅಲ್ಲಿ ಬಿತ್ತಿದ ಬೀಜ ವರ್ಷಗಳ ಮೇಲೆ ಮೊಳೆಯುವುದು ಸಾಧ್ಯವಾಯಿತು. 1976ರಲ್ಲಿ ಜೀನ್ ಗ್ರೇ ಫೀನಿಕ್ಸ್ ಶಕ್ತಿ ಪಡೆಯುತ್ತಾಳೆ. 1980ರಲ್ಲಿ ಆ ಶಕ್ತಿ ಅವಳನ್ನೇ ನುಂಗುತ್ತದೆ. ಹಸಿದ ಫೀನಿಕ್ಸ್ ದೂರದ ಒಂದು ನಕ್ಷತ್ರವನ್ನು ಕಬಳಿಸಿದಾಗ ಅದರ ಗ್ರಹದಲ್ಲಿದ್ದ 500 ಕೋಟಿ ಜೀವಗಳು ಬೂದಿಯಾಗುತ್ತವೆ. ಕ್ಲೇರ್‌ಮಾಂಟ್ ಮತ್ತು ಚಿತ್ರಕಾರ ಜಾನ್ ಬರ್ನ್ ಮೊದಲು ಸಿದ್ಧಪಡಿಸಿದ ಮುಕ್ತಾಯದಲ್ಲಿ ಜೀನ್ ಶಕ್ತಿ ಕಳೆದುಕೊಂಡು ಬದುಕಿ ಮನೆಗೆ ಮರಳುತ್ತಿದ್ದಳು. ಪ್ರಧಾನ ಸಂಪಾದಕ ಜಿಮ್ ಶೂಟರ್ ಅದನ್ನು ಒಪ್ಪಲಿಲ್ಲ. ಅಷ್ಟು ಜೀವಗಳನ್ನು ತೆಗೆದವಳು ಏನೂ ಆಗದವಳಂತೆ ಮನೆಗೆ ಹೋಗುವುದು ನೀತಿಯಲ್ಲ ಎಂಬುದು ಅವರ ನಿಲುವು. ಕೊನೆಯ ಪುಟಗಳನ್ನು ಮತ್ತೆ ಬರೆಯಲಾಯಿತು. 137ನೇ ಸಂಚಿಕೆಯಲ್ಲಿ, ಚಂದ್ರನ ಮೇಲೆ, ಒಳಗಿನ ಬೆಂಕಿ ಮತ್ತೆ ಏಳುತ್ತಿರುವುದನ್ನು ಅರಿತ ಜೀನ್ ತಾನು ಪ್ರೀತಿಸಿದವನ ಕಣ್ಣೆದುರೇ ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳುತ್ತಾಳೆ. ಇಲ್ಲಿ ಅದೃಷ್ಟದ ಒಂದು ಸಂಗತಿಯಿದೆ: ಮೊದಲಿನ ಸುಖಾಂತ್ಯವೂ ಕಳೆದುಹೋಗಲಿಲ್ಲ, 1984ರಲ್ಲಿ ಅದು ಪ್ರತ್ಯೇಕ ಪುಸ್ತಕವಾಗಿ ಪ್ರಕಟವಾಯಿತು. ಎರಡು ಮುಕ್ತಾಯಗಳನ್ನೂ ಅಕ್ಕಪಕ್ಕ ಇಟ್ಟು ಓದುವ ಅವಕಾಶ ಓದುಗರಿಗೆ ಸಿಕ್ಕಿತು. ಅವರು ಎದೆಯಲ್ಲಿಟ್ಟುಕೊಂಡದ್ದು ಬೆಲೆ ತೆತ್ತ ಮುಕ್ತಾಯವನ್ನೇ.

ಇಂಥ ದೀರ್ಘ ಕಥೆಗಳಿಗೆ ನೆಲ ಹದಮಾಡಿದ್ದು ಮಾರಾಟದ ಹೊಸ ಕ್ರಮ. 1973ರಲ್ಲಿ ನ್ಯೂಯಾರ್ಕ್‌ನ ಫಿಲ್ ಸ್ಯೂಲಿಂಗ್ ಪ್ರಕಾಶಕರ ಜೊತೆ ಒಂದು ಒಪ್ಪಂದ ಕುದುರಿಸಿದರು: ಕಾಮಿಕ್ಸ್‌ಗೆಂದೇ ಇರುವ ಅಂಗಡಿಗಳು ಹೆಚ್ಚಿನ ರಿಯಾಯಿತಿಯಲ್ಲಿ ನೇರವಾಗಿ ಕೊಳ್ಳುತ್ತವೆ, ಮಾರಾಟವಾಗದ್ದನ್ನು ವಾಪಸ್ಸು ಮಾಡುವುದಿಲ್ಲ. ಅಂಥ ಅಂಗಡಿಗೆ ಬರುವವನು ದಾರಿಹೋಕ ಹುಡುಗನಲ್ಲ, ತಿಂಗಳು ತಿಂಗಳು ತಪ್ಪದೆ ಬರುವ ಗಿರಾಕಿ. ‘ಮುಂದುವರಿಯುವುದು’ ಎಂಬ ಪದ ಈಗ ಮೋಸವಲ್ಲ, ಮಾತುಕೊಟ್ಟಂತೆ. 1979ರಲ್ಲಿ ಐರನ್ ಮ್ಯಾನ್ ಕುಡಿತಕ್ಕೆ ದಾಸನಾಗಿ ನರಳುವ ಕಥೆ ಒಂಬತ್ತು ಸಂಚಿಕೆಗಳ ಉದ್ದಕ್ಕೂ ಬಂತು. 1986ರಲ್ಲಂತೂ ಸುಗ್ಗಿಯೇ. ಫ್ರಾಂಕ್ ಮಿಲ್ಲರ್ ಅವರ ‘ದಿ ಡಾರ್ಕ್ ನೈಟ್ ರಿಟರ್ನ್ಸ್’ ಬ್ಯಾಟ್‌ಮ್ಯಾನ್‌ಗೆ 55 ವರ್ಷ ವಯಸ್ಸನ್ನೂ ನೋಯುವ ಮೂಳೆಗಳನ್ನೂ ಕೊಟ್ಟಿತು. ಅಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ ‘ವಾಚ್‌ಮೆನ್’ನ 12 ಸಂಚಿಕೆಗಳಲ್ಲಿ, ಮುಖವಾಡ ತೊಟ್ಟ ನ್ಯಾಯ ಎಷ್ಟು ಹೆಣಗಳ ಮೇಲೆ ನಿಲ್ಲಬಲ್ಲದೆಂದು ಕೇಳತೊಡಗಿದರು. ಮಿಲ್ಲರ್ ಮತ್ತು ಡೇವಿಡ್ ಮಜೂಕೆಲ್ಲಿ ಅವರ ‘ಬಾರ್ನ್ ಅಗೇನ್’ನಲ್ಲಿ ವೈರಿ ಕಿಂಗ್‌ಪಿನ್ ಡೇರ್‌ಡೆವಿಲ್‌ನ ಮೈಮೇಲೆ ಮೊದಲು ಬೀಳುವುದಿಲ್ಲ. ಅವನ ವಕೀಲಿಕೆ, ಬ್ಯಾಂಕಿನ ಹಣ, ಮನೆ ಒಂದೊಂದನ್ನೇ ಕಿತ್ತುಕೊಳ್ಳುತ್ತಾನೆ. ಬೀದಿಗೆ ಬಿದ್ದವನು ಮನುಷ್ಯನಾಗಿ ಹೇಗೆ ಏಳುತ್ತಾನೆ ಎಂಬುದೇ ಆ ಕಥೆ. ಓದುಗರಿಗೂ ಈಗ ಬಾಡಿಗೆ ಕಟ್ಟುವ ವಯಸ್ಸಾಗಿತ್ತು.

ಇಲ್ಲಿಗೆ ಮೊದಲ ಆಕ್ಷೇಪ ಏಳುತ್ತದೆ. ಇದೆಲ್ಲ ಬರೀ ವ್ಯಾಪಾರ, ಸಾವು ಮಾರಾಟದ ಸರಕು, ಅಭಿಮಾನಿಗಳದ್ದು ಕೊಂಡವರ ಭ್ರಮೆ ಎನ್ನುವವರಿದ್ದಾರೆ. 1992ರ ಸೂಪರ್‌ಮ್ಯಾನ್ ಸಾವು ಅವರ ಮುಖ್ಯ ಸಾಕ್ಷಿ. ಸೂಪರ್‌ಮ್ಯಾನ್ ಮತ್ತು ಲೂಯಿಸ್ ಲೇನ್ ಮದುವೆಯನ್ನು ಒಂದು ಟೀವಿ ಧಾರಾವಾಹಿಗಾಗಿ ಮುಂದೂಡಬೇಕಾಗಿ ಬಂದಾಗ ಆ ಜಾಗ ತುಂಬಲು ಹೊಳೆದ ಕಥೆ ಅದು. ಕಪ್ಪು ಚೀಲದಲ್ಲಿ ಮುಚ್ಚಿ, ಜೊತೆಗೊಂದು ಶೋಕಪಟ್ಟಿ ಇಟ್ಟು ಮಾರಿದರು. ಮುಂದೆ ಚಿನ್ನದ ಬೆಲೆ ಬರುತ್ತದೆಂದು ಹಲವರು ಚೀಲವನ್ನೇ ತೆರೆಯದೆ ಕಟ್ಟುಕಟ್ಟಾಗಿ ಕೊಂಡಿಟ್ಟರು. ಲಕ್ಷಗಟ್ಟಲೆ ಇರುವ ವಸ್ತು ಅಪರೂಪದ್ದಾಗುವುದು ಹೇಗೆ? ಆ ಗುಳ್ಳೆ ಒಡೆಯಿತು, ಅಂಗಡಿಗಳು ಸಾಲುಸಾಲಾಗಿ ಮುಚ್ಚಿದವು, 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ಸಂಸ್ಥೆಯೇ ದಿವಾಳಿ ಅರ್ಜಿ ಹಾಕಿತು. ಇದೆಲ್ಲ ನಿಜ. ಆದರೆ ಇದೇ ಸಾಕ್ಷಿ ಇನ್ನೊಂದನ್ನೂ ಹೇಳುತ್ತದೆ: ಜಾಹೀರಾತು ಕೊಳ್ಳುವಂತೆ ಮಾಡಬಲ್ಲದು, ಪ್ರೀತಿಸುವಂತೆ ಮಾಡಲಾರದು. ಗ್ವೆನ್‌ಳ ಸಾವಿಗೆ ಡಂಗುರ ಸಾರಿರಲಿಲ್ಲ; ಕಥೆಯ ಶೀರ್ಷಿಕೆಯನ್ನೇ ಕೊನೆಯ ಪುಟದವರೆಗೆ ಬಚ್ಚಿಡಲಾಗಿತ್ತು. ಸೂಪರ್‌ಮ್ಯಾನ್ ಸಾವನ್ನು ಇಂದಿಗೂ ಮೆಚ್ಚುವವರು ಮೆಚ್ಚುವುದು ಕಪ್ಪು ಚೀಲವನ್ನಲ್ಲ, ಅದರೊಳಗಿನ ಕಸುಬನ್ನು. ಸಾವಿಗೆ ಮೂರು ಸಂಚಿಕೆ ಹಿಂದೆ ಪ್ರತಿ ಪುಟಕ್ಕೆ ನಾಲ್ಕು ಚೌಕಟ್ಟು, ಮುಂದಿನದರಲ್ಲಿ ಮೂರು, ಆಮೇಲೆ ಎರಡು, ಡ್ಯಾನ್ ಜರ್ಗೆನ್ಸ್ ಬರೆದು ಚಿತ್ರಿಸಿದ 75ನೇ ಸಂಚಿಕೆಯಲ್ಲಿ ಪುಟಕ್ಕೊಂದೇ ಚಿತ್ರ. ಉಸಿರು ಎಣಿಸುವಂಥ ಆ ಲಯ, ಆಮೇಲಿನ ಅಂತ್ಯಕ್ರಿಯೆಯ ಸಂಚಿಕೆಗಳ ಮೌನ, ಇವು ಚೀಲ ತೆರೆದು ಓದಿದವರಿಗೆ ಮಾತ್ರ ಸಿಕ್ಕವು.

ಎರಡನೆಯ ಆಕ್ಷೇಪ ಇದಕ್ಕಿಂತ ಕಠಿಣ. ಓದುಗರಿಗೆ ಬೇಕಾದದ್ದು ಬೆಲೆಯೂ ಅಲ್ಲ, ಪರಿಣಾಮವೂ ಅಲ್ಲ, ಬರೀ ರಕ್ತ ಎನ್ನುತ್ತದೆ ಅದು. 1988ರಲ್ಲಿ ಬ್ಯಾಟ್‌ಮ್ಯಾನ್‌ನ ಶಿಷ್ಯ, ಎರಡನೆಯ ರಾಬಿನ್ ಜೇಸನ್ ಟಾಡ್ ಬದುಕಬೇಕೇ ಸಾಯಬೇಕೇ ಎಂಬುದನ್ನು ಓದುಗರ ತೀರ್ಮಾನಕ್ಕೇ ಬಿಡಲಾಯಿತು. ಎರಡು ದೂರವಾಣಿ ಸಂಖ್ಯೆ, 36 ಗಂಟೆ ಅವಧಿ, ಕರೆಗೆ 50 ಸೆಂಟ್. ಸಾಯಲಿ ಎಂದು 5,343 ಕರೆ, ಬದುಕಲಿ ಎಂದು 5,271. 72 ಮತಗಳ ಅಂತರದಲ್ಲಿ ಒಬ್ಬ ಹುಡುಗ ಸತ್ತ. ಈ ಘಟನೆಯನ್ನು ಸಮರ್ಥಿಸಬೇಕಾಗಿಲ್ಲ. ಆದರೆ ಹೆಚ್ಚುಕಡಿಮೆ ಸಮನಾಗಿ ಒಡೆದ ಮತವನ್ನು ರಕ್ತದಾಹವೆನ್ನಲು ಬರುವುದಿಲ್ಲ. ಅರ್ಧದಷ್ಟು ಕರೆಗಳು ಹುಡುಗನ ಜೀವ ಉಳಿಸಲೆಂದೇ ಬಂದಿದ್ದವು. ಅದಕ್ಕಿಂತ ಮುಖ್ಯವಾದದ್ದು, ಆ ಸಾವು ಓದುಗರ ಮನಸ್ಸಿನಲ್ಲಿ ಬೇರೂರಿದ್ದು ಮತದಾನದಿಂದಲ್ಲ, ಅದರ ನಂತರ ಬಂದ ಕಥೆಗಳಿಂದ. ಗುಹೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿಂತ ಖಾಲಿ ಉಡುಪು ಎಂದೂ ಮಾಸದ ಗುರುತಾಯಿತು. 1989ರಲ್ಲಿ ಟಿಮ್ ಡ್ರೇಕ್ ಎಂಬ ಹೊಸ ಹುಡುಗ ಬಂದದ್ದೂ ಬ್ಯಾಟ್‌ಮ್ಯಾನ್ ದುಃಖದಿಂದ ಕ್ರೂರಿಯಾಗುತ್ತಿದ್ದಾನೆ, ಅವನನ್ನು ತಡೆಯಲು ಜೊತೆಗೊಬ್ಬರು ಬೇಕು ಎಂಬುದನ್ನು ಗುರುತಿಸಿ. ಕೊಲ್ಲುವ ಅಧಿಕಾರ ಕೈಗೆ ಬಂದಾಗ ಓದುಗರು ಒಡೆದುಹೋದರು. ಶೋಕದ ಕಥೆ ಕೈಗೆ ಬಂದಾಗ ಒಂದಾದರು.

ಮೂರನೆಯ ಆಕ್ಷೇಪ ಎಲ್ಲರ ನಾಲಗೆಯ ತುದಿಯಲ್ಲಿರುವಂಥದ್ದು: ಈ ಸತ್ತವರೆಲ್ಲ ಎದ್ದು ಬರುತ್ತಾರಲ್ಲ! ಸೂಪರ್‌ಮ್ಯಾನ್ 1993ರಲ್ಲೇ ಮರಳಿದ. ಜೀನ್ ಗ್ರೇ 1986ರಲ್ಲಿ ಬಂದಳು; ಚಂದ್ರನ ಮೇಲೆ ಸತ್ತದ್ದು ಅವಳಲ್ಲ, ಅವಳ ರೂಪ ತಳೆದ ಶಕ್ತಿ ಎಂದರು. ಜೇಸನ್ ಟಾಡ್ ಕೂಡ 2005ರಲ್ಲಿ ಮರಳಿದ. ಹಾಗಿದ್ದರೆ ‘ಆದದ್ದು ಆಗಿಯೇ ಉಳಿಯುತ್ತದೆ’ ಎಂಬ ವಾದ ಎಲ್ಲಿ ನಿಂತೀತು? ಅದು ನಿಲ್ಲುವುದು ಓದಿನಲ್ಲಿ. ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲವೆಂದು ಗೊತ್ತಿದ್ದೂ ಯಕ್ಷಗಾನದ ಪ್ರೇಕ್ಷಕ ರಾತ್ರಿಯಿಡೀ ಕೂರುತ್ತಾನೆ. ಆ ವೇಷಧಾರಿ ನಾಳೆ ಇನ್ನೊಂದು ಊರಿನಲ್ಲಿ ಮತ್ತೆ ರಂಗಕ್ಕೆ ಬರುತ್ತಾನೆಂಬ ತಿಳಿವು ಇಂದಿನ ಅಳುವನ್ನು ಸುಳ್ಳಾಗಿಸುವುದಿಲ್ಲ. ಕಥೆ ತನ್ನೊಳಗೆ ತಾನು ಪ್ರಾಮಾಣಿಕವಾಗಿದ್ದರೆ ಸಾಕು. ಜೀನ್ ತೆಗೆದುಕೊಂಡ ತೀರ್ಮಾನ 137ನೇ ಸಂಚಿಕೆಯಲ್ಲಿ ಇಂದಿಗೂ ಹಾಗೆಯೇ ಇದೆ. ಹೊಸಬರು ಅದನ್ನು ಹಾಗೆಯೇ ಓದುತ್ತಾರೆ. ಮರಳಿ ತಂದ ಕಥೆಗಳ ಬಗ್ಗೆ ಅಭಿಮಾನಿಗಳು ಎತ್ತುವ ತಕರಾರೂ ಇದನ್ನೇ ತೋರಿಸುತ್ತದೆ. ಸತ್ತವರು ಮರಳುವುದೇ ಅವರಿಗೆ ಬೇಕಾಗಿದ್ದರೆ ಮರಳಿ ತಂದ ಕಥೆಯೇ ಅಚ್ಚುಮೆಚ್ಚಾಗಬೇಕಿತ್ತು. ಹಾಗಾಗಲಿಲ್ಲ. ಡಾರ್ಕ್ ಫೀನಿಕ್ಸ್ ಎಲ್ಲರ ಬಾಯಲ್ಲಿದೆ. ಜೀನ್ ಮರಳಿದ ಸಂಚಿಕೆಗಳನ್ನು ಅದರ ಪಕ್ಕದಲ್ಲಿಟ್ಟು ಹೊಗಳುವವರು ವಿರಳ.

ನಾಲ್ಕನೆಯ ಆಕ್ಷೇಪಕ್ಕೆ ಉತ್ತರವಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಬೆಲೆ ತೆತ್ತವರು ಯಾರು? 1999ರಲ್ಲಿ ಗೇಲ್ ಸಿಮೋನ್, ಮುಂದೆ ತಾವೇ ಹೆಸರಾಂತ ಕಾಮಿಕ್ಸ್ ಲೇಖಕಿಯಾದವರು, ಈ ಕಥೆಗಳಲ್ಲಿ ಕೊಲೆಯಾದ, ಅಂಗವಿಕಲರಾದ, ಶಕ್ತಿ ಕಳೆದುಕೊಂಡ ಸ್ತ್ರೀ ಪಾತ್ರಗಳ ಉದ್ದನೆಯ ಪಟ್ಟಿಯೊಂದನ್ನು ಮಾಡಿ ಮುಂದಿಟ್ಟರು. ಅದನ್ನು ಓದಿದವರಿಗೆ ಒಂದು ಕಹಿ ಸತ್ಯ ಕಣ್ಣಿಗೆ ಕಟ್ಟಿತು: ಗಂಡು ನಾಯಕನ ದುಃಖಕ್ಕಾಗಿ ಹೆಣ್ಣಿನ ಪ್ರಾಣ ತೆಗೆಯುವುದು ಈ ಕಸುಬಿನ ಚಾಳಿಯೇ ಆಗಿಹೋಗಿತ್ತು. ಗ್ವೆನ್ ಕಥೆಗೂ ಈ ದೋಷ ಅಂಟಿದೆ. ಅವಳ ಸಾವು ಪೀಟರ್‌ನ ಜೀವನದ ಘಟನೆ. ಅವಳ ಜೀವನದ್ದಲ್ಲ ಎಂಬಂತೆ ಅದನ್ನು ಬರೆಯಲಾಗಿದೆ. ‘ಬಾರ್ನ್ ಅಗೇನ್’ನಲ್ಲಿ ನಾಯಕನ ಹಳೆಯ ಪ್ರೇಯಸಿ ಕ್ಯಾರನ್ ಪೇಜ್‌ಳನ್ನು ಮಾದಕ ವಸ್ತುವಿಗಾಗಿ ಅವನ ಗುಟ್ಟು ಮಾರುವ ಸ್ಥಿತಿಗೆ ಇಳಿಸಿದ್ದೂ ಅಂಥದ್ದೇ, ಕೊನೆಗೆ ಅವಳನ್ನು ಕ್ಷಮಿಸಿ ಕೈಹಿಡಿದದ್ದು ಆ ಕಥೆಯ ಹಿರಿಮೆಯಾದರೂ. ಆದರೆ ಈ ಆಕ್ಷೇಪ ನನ್ನ ವಾದವನ್ನು ಕೆಡವುವ ಬದಲು ಹರಿತಗೊಳಿಸುತ್ತದೆ. ಡಾರ್ಕ್ ಫೀನಿಕ್ಸ್ ಉಳಿದವುಗಳಿಗಿಂತ ಎತ್ತರದಲ್ಲಿ ನಿಲ್ಲಲು ಒಂದು ಕಾರಣವೇ ಇದು: ಅಲ್ಲಿ ತಪ್ಪು ಮಾಡಿದವಳೂ ಅವಳೇ, ತೀರ್ಪು ಕೊಟ್ಟವಳೂ ಅವಳೇ, ಬೆಲೆ ತೆತ್ತವಳೂ ಅವಳೇ. ಬೆಲೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿದ ಕಥೆಗಿಂತ ತಾನೇ ತೆತ್ತ ಕಥೆ ದೊಡ್ಡದು.

ಸಾವೇ ಇದರ ಮೂಲದ್ರವ್ಯವೆಂದು ತಿಳಿಯಬಾರದು ಎನ್ನಲು ಇನ್ನೆರಡು ಕಥೆಗಳು ಸಾಕು. 1984ರ ಜನವರಿ ತಿಂಗಳ ‘ಅಮೇಜಿಂಗ್ ಸ್ಪೈಡರ್-ಮ್ಯಾನ್’ 248ನೇ ಸಂಚಿಕೆಯಲ್ಲಿ ರೋಜರ್ ಸ್ಟರ್ನ್ ಬರೆದು ರಾನ್ ಫ್ರೆಂಜ್ ಚಿತ್ರಿಸಿದ 11 ಪುಟಗಳ ಒಂದು ಪುಟ್ಟ ಕಥೆಯಿದೆ. ಸ್ಪೈಡರ್-ಮ್ಯಾನ್‌ಗೆ ಸಂಬಂಧಿಸಿದ್ದನ್ನೆಲ್ಲ ಕೂಡಿಡುವ ಬಾಲಕನೊಬ್ಬನನ್ನು ನೋಡಲು ನಾಯಕ ರಾತ್ರಿ ಬರುತ್ತಾನೆ, ಮಾತಾಡುತ್ತಾನೆ, ಮುಖವಾಡ ತೆಗೆದು ತಾನು ಯಾರೆಂದು ಹೇಳುತ್ತಾನೆ. ಆ ಹುಡುಗನಿಗೆ ರಕ್ತದ ಕ್ಯಾನ್ಸರ್, ಇನ್ನು ಕೆಲವೇ ವಾರಗಳ ಆಯುಷ್ಯ ಎಂಬುದು ಓದುಗನಿಗೆ ತಿಳಿಯುವುದು ಕೊನೆಯಲ್ಲಿ. ಹೊಡೆದಾಟವಿಲ್ಲ, ಖಳನಿಲ್ಲ. 2005ರಿಂದ 2008ರವರೆಗೆ ಗ್ರಾಂಟ್ ಮಾರಿಸನ್ ಮತ್ತು ಫ್ರಾಂಕ್ ಕ್ವೈಟ್ಲಿ ಮಾಡಿದ ‘ಆಲ್-ಸ್ಟಾರ್ ಸೂಪರ್‌ಮ್ಯಾನ್’ನಲ್ಲಿ, ತನ್ನ ಸಾವು ಹತ್ತಿರವಾಗಿದೆಯೆಂದು ತಿಳಿದ ಸೂಪರ್‌ಮ್ಯಾನ್ ಕಟ್ಟಡದ ಅಂಚಿನಿಂದ ಜಿಗಿಯಲು ನಿಂತ ಹುಡುಗಿಯೊಬ್ಬಳ ಹಿಂದೆ ಬಂದು ನಿಂತು, ನಾಲ್ಕು ಮಾತಾಡಿ ಅವಳನ್ನು ಅಪ್ಪಿಕೊಳ್ಳುತ್ತಾನೆ. ಅದಕ್ಕೆ ಒಂದೇ ಪುಟ. ಇಡೀ ಸೂಪರ್‌ಮ್ಯಾನ್ ಇತಿಹಾಸದಲ್ಲಿ ಅಭಿಮಾನಿಗಳು ಬಹಳವಾಗಿ ಹಂಚಿಕೊಳ್ಳುವ ಪುಟಗಳಲ್ಲಿ ಅದೂ ಒಂದು. ಗ್ರಹಗಳನ್ನು ಸರಿಸಬಲ್ಲವನು ಒಂದು ಹೆಗಲ ಮೇಲೆ ಕೈಯಿಡುವುದಕ್ಕೆ ಸಮಯ ಮಾಡಿಕೊಂಡದ್ದೇ ಅಲ್ಲಿನ ಮಹತ್ತು. ಬಲದಿಂದ ತಡೆಯಲಾಗದ್ದರ ಎದುರು ಏನು ಮಾಡುತ್ತಾನೆ ಎಂಬುದರಿಂದಲೇ ಓದುಗರು ನಾಯಕನನ್ನು ಅಳೆಯುತ್ತಾರೆ.

ಅದಕ್ಕೆ ಹೆಚ್ಚಿನ ಸಾಕ್ಷಿ ಬೇಕಿದ್ದವರು 1973ರ ಜುಲೈ ತಿಂಗಳ 122ನೇ ಸಂಚಿಕೆಯ ಕೊನೆಯ ಪುಟವನ್ನು ತೆರೆಯಬೇಕು. ಗ್ವೆನ್ ಸತ್ತಿದ್ದಾಳೆ, ಕೊಂದವನೂ ಸತ್ತಿದ್ದಾನೆ, ಸೇಡು ಯಾವ ಸಮಾಧಾನವನ್ನೂ ಕೊಟ್ಟಿಲ್ಲ. ಮನೆಗೆ ಮರಳಿದ ಪೀಟರ್ ಅಲ್ಲಿ ಕಾದಿದ್ದ ಗೆಳತಿ ಮೇರಿ ಜೇನ್ ಮೇಲೆ ಹರಿಹಾಯುತ್ತಾನೆ, ಇನ್ನೊಬ್ಬರ ನೋವು ನಿನಗೇನು ತಿಳಿದೀತು ಎಂಬಂತೆ ಚುಚ್ಚುತ್ತಾನೆ. ಅದುವರೆಗೂ ನಗುವುದು ಕುಣಿಯುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲದವಳಂತೆ ಕಂಡಿದ್ದ ಹುಡುಗಿ ಅಳುತ್ತ ಬಾಗಿಲವರೆಗೆ ಹೋಗುತ್ತಾಳೆ, ಅಲ್ಲಿ ನಿಲ್ಲುತ್ತಾಳೆ, ಬಾಗಿಲು ಮುಚ್ಚುತ್ತಾಳೆ. ಹೊರಗಿನಿಂದಲ್ಲ, ಒಳಗಿನಿಂದ. ಅಲ್ಲಿಗೆ ಸಂಚಿಕೆ ಮುಗಿಯುತ್ತದೆ. ಆ ಪುಟದಲ್ಲಿ ಯಾರೂ ಹಾರುವುದಿಲ್ಲ, ಯಾರೂ ಭಾರ ಎತ್ತುವುದಿಲ್ಲ. 50 ವರ್ಷ ದಾಟಿದ ಮೇಲೂ ಓದುಗರು ಮರಳಿ ಹೋಗುವುದು ಆ ಪುಟಕ್ಕೆ.